ಊರೇ ದೇಶವಾಗಿದ್ದಿದ್ದರೆ

‘ಈ ಸಂವಿಧಾನ ಇದ್ರೂ ಒಂದೆ, ಇಲ್ದಿದ್ರೂ ಒಂದೆ, ನಮಗೇನಾಯ್ತು ಸಾರ್?’ ಅಂತ ನಮ್ಮ ಹುಡುಗರೇ ಕೇಳುತ್ತಾರೆ. ಹೋದ ತಿಂಗಳು ಒಬ್ಬ ವಿದ್ಯಾರ್ಥಿ ಸಭೆಯಲ್ಲೇ ಎದ್ದು ನಿಂತು ಕೇಳಿದ. ಅವನ ಸಿಟ್ಟು ನ್ಯಾಯವಾದದ್ದು. ಆದರೆ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಅನ್ನೋದನ್ನ ಒಂದು ಸಲ ಕೂತು ಲೆಕ್ಕ ಹಾಕಬೇಕು. ‘ಆಗಿದ್ದರೆ, ಹೋಗಿದ್ದರೆ’ ಅನ್ನೋದು ಇತಿಹಾಸವಲ್ಲ ಅಂತ ಪಂಡಿತರು ಹೇಳುತ್ತಾರೆ. ಗೆದ್ದವರಿಗೆ ಆ ಪ್ರಶ್ನೆ ಬೇಕಾಗಿಲ್ಲ, ನಿಜ. ಕೂದಲೆಳೆಯಷ್ಟರಲ್ಲಿ ಪಾರಾದವರಿಗೆ ಬೇಕು.

ಪಾರಾದದ್ದು ಕೂದಲೆಳೆಯಲ್ಲೇ. 1946ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಗೆ ಬಂದದ್ದು ತಮ್ಮ ಮುಂಬಯಿಯಿಂದಲ್ಲ, ದೂರದ ಬಂಗಾಳದಿಂದ. ದೇಶ ಒಡೆದಾಗ ಆ ಸ್ಥಾನವೂ ಹೋಯಿತು. 1947ರ ಜುಲೈನಲ್ಲಿ ಮುಂಬಯಿಯಲ್ಲಿ ತೆರವಾದ ಒಂದು ಜಾಗದಿಂದ ಅವರನ್ನು ಮತ್ತೆ ಆರಿಸಿ ಕಳಿಸಿದರು. ಆಗಸ್ಟ್ 29ಕ್ಕೆ ಕರಡು ಸಮಿತಿ ಆಯಿತು. ಆ ಒಂದು ಜಾಗ ಬೇರೆ ಯಾರಿಗಾದರೂ ಹೋಗಿದ್ದರೆ?

ಬೇರೆ ಕರಡೂ ತಯಾರಿತ್ತು. 1946ರಲ್ಲೇ ಶ್ರೀಮನ್ ನಾರಾಯಣ್ ಅಗರ್‌ವಾಲ್ ಅವರು ಗಾಂಧೀಜಿಯ ವಿಚಾರದ ಮೇಲೆ ಒಂದು ಸಂವಿಧಾನ ಬರೆದಿದ್ದರು. ಅದರಲ್ಲಿ ಜನ ವೋಟು ಹಾಕೋದು ಊರಿನ ಪಂಚಾಯ್ತಿಗೆ ಮಾತ್ರ. ಊರಿನವರು ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಪ್ರಾಂತಕ್ಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ. ಬರೆದವರ ಮನಸ್ಸಲ್ಲಿ ಮೋಸ ಇತ್ತು ಅಂತ ನಾನು ಹೇಳ್ತಾ ಇಲ್ಲ. ಆದರೆ ನಮ್ಮ ಊರು ಯಾರ ಕೈಲಿತ್ತು? 1948ರ ನವೆಂಬರ್ 4ರಂದು ಬಾಬಾಸಾಹೇಬರು ಹಳ್ಳಿಯನ್ನು ಅಜ್ಞಾನದ, ಜಾತೀಯತೆಯ ಗೂಡು ಅಂದಾಗ ಸಭೆಯಲ್ಲಿ ಎಷ್ಟು ಜನಕ್ಕೆ ಉರಿದುಹೋಯಿತು! ಊರು ಹೊಗಳಿದವರಲ್ಲಿ ಹೊಲಗೇರಿಯಲ್ಲಿ ಹುಟ್ಟಿದವರು ಎಷ್ಟು ಮಂದಿ? ಕೊನೆಗೆ ಪಂಚಾಯ್ತಿ ಅನ್ನೋದು ಬರೀ ನಿರ್ದೇಶಕ ತತ್ವವಾಗಿ, 40ನೇ ವಿಧಿಯಾಗಿ ಉಳಿಯಿತು.

ಅದೇ ಬುನಾದಿ ಆಗಿದ್ದರೆ ಚಿತ್ರ ಊಹಿಸಿಕೊಳ್ಳಿ. ಗೌಡರ ಚಾವಡಿ. ಮೇಲೆ ಕಟ್ಟೆಯ ಮೇಲೆ ಗೌಡರು, ಶಾನುಭೋಗರು. ನಮ್ಮವರು ಕೆಳಗೆ, ಬಿಸಿಲಲ್ಲಿ, ಚಪ್ಪಲಿ ಕೈಲಿ ಹಿಡಿದು. ‘ಯಾರ್‍ಯಾರು ಕೈ ಎತ್ತುತ್ತೀರ್ರೋ ಎತ್ತಿ.’ ಯಾರ ಹೊಲದಲ್ಲಿ ಜೀತ ಇದ್ದಾನೋ ಅವನ ಕಣ್ಣೆದುರಿಗೆ ಯಾವನು ಕೈ ಎತ್ತದೇ ಇರುತ್ತಾನೆ? ಅಲ್ಲಿಂದ ಮೇಲೆ ಹೋಗೋದೆಲ್ಲ ಗೌಡರ ವೋಟೇ. 1951-52ರಲ್ಲಿ ನಿಜವಾಗಿ ಆದದ್ದು ಬೇರೆ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿತ್ರ, ಸುತ್ತ ಮರೆ. ಆ ಮರೆಯೊಳಗೆ ಜೀತದಾಳು ಒಬ್ಬನೇ. ಅಲ್ಲೂ ಹೆದರಿಸಿದರು, ಕುಡಿಸಿದರು, ಅದೆಲ್ಲ ಗೊತ್ತು. ಆದರೆ ಆ ಅರ್ಧ ನಿಮಿಷ ಗೌಡರು ಒಳಗೆ ಇರಲಿಲ್ಲ.

ಇನ್ನು ಕಾನೂನು. ಸಂವಿಧಾನ ಒಪ್ಪಿಗೆಯಾದ ನಾಲ್ಕನೇ ದಿನ, 1949ರ ನವೆಂಬರ್ 30ರಂದು, ಆರ್ಗನೈಸರ್ ಪತ್ರಿಕೆ ಇದರಲ್ಲಿ ಮನುವಿನ ಪ್ರಸ್ತಾಪವೇ ಇಲ್ಲ ಅಂತ ಕೊರಗಿತು. ಮನು ಇದ್ದಿದ್ದರೆ ಹೇಗಿರುತ್ತಿತ್ತು ಅಂತ ನಾವು ಊಹಿಸಬೇಕಾಗಿಲ್ಲ. ಪಕ್ಕದ ಮನೆಯಲ್ಲೇ ನಡೆದಿದೆ. ನೇಪಾಳದಲ್ಲಿ ಜಂಗ್ ಬಹಾದೂರ್ ರಾಣಾ 1854ರಲ್ಲಿ ಮುಲುಕಿ ಐನ್ ಅನ್ನೋ ಕಾಯಿದೆ ತಂದ. ಇಡೀ ದೇಶವನ್ನು ಜಾತಿಯ ಮೆಟ್ಟಿಲ ಮೇಲೆ ನಿಲ್ಲಿಸಿದ ಕಾಯಿದೆ ಅದು. ಜನಿವಾರದವರು ಮೇಲೆ, ಅವರ ಕೆಳಗೆ ಹೆಂಡ ಕುಡಿಯುವವರು, ಅವರಲ್ಲೂ ಗುಲಾಮರನ್ನಾಗಿ ಮಾಡಬಾರದವರು ಬೇರೆ, ಮಾಡಬಹುದಾದವರು ಬೇರೆ. ಅದರ ಕೆಳಗೆ ನೀರು ಮುಟ್ಟಬಾರದ ಜಾತಿಗಳು. ತೀರಾ ಕೆಳಗೆ ಕಾಮಿ, ಸಾರ್ಕಿ, ದಮಾಯಿ, ಪೋಡೆ, ಅಂದರೆ ಕಮ್ಮಾರ, ಚಮ್ಮಾರ, ಹೊಲಿಗೆಯವನು, ಜಾಡಮಾಲಿ. ಇವರನ್ನು ಮುಟ್ಟಿದರೆ ಮೈಮೇಲೆ ನೀರು ಚಿಮುಕಿಸಿಕೊಳ್ಳಬೇಕು ಅಂತ ಕಾನೂನೇ ಹೇಳುತ್ತಿತ್ತು. ತಪ್ಪು ಒಂದೇ, ದಂಡ ಜಾತಿಗೊಂದು. ಬ್ರಾಹ್ಮಣ ಕೊಲೆ ಮಾಡಿದರೂ ಗಲ್ಲಿಲ್ಲ. ತಲೆ ಬೋಳಿಸಿ, ಬರೆ ಹಾಕಿ, ಜಾತಿಯಿಂದ ಹೊರಗೆ ಹಾಕಿದರೆ ಮುಗಿಯಿತು. ಇದು ಪುರಾಣವಲ್ಲ ಸ್ವಾಮಿ. 1963ರಲ್ಲಿ ಹೊಸ ಕಾಯಿದೆ ಬರುವತನಕ, ನೂರ ಒಂಬತ್ತು ವರ್ಷ, ಕೋರ್ಟಿನಲ್ಲಿ ನಡೆದದ್ದು. ನಮ್ಮಲ್ಲಿ 17ನೇ ವಿಧಿಗೆ ಸಭೆ ಒಪ್ಪಿಗೆ ಕೊಟ್ಟದ್ದು 1948ರ ನವೆಂಬರ್ 29ಕ್ಕೆ. ಅಂದರೆ ನಮ್ಮಲ್ಲಿ ಅಸ್ಪೃಶ್ಯತೆ ಅಪರಾಧವಾದ ಮೇಲೂ ಹತ್ತಾರು ವರ್ಷ ಅಲ್ಲಿ ಅದೇ ಕಾನೂನು.

ಹೆಂಗಸರ ವಿಷಯಕ್ಕೆ ಬಂದರೆ ಕಲ್ಪನೆಗೂ ನಿಜಕ್ಕೂ ನಡುವೆ ಬಹಳ ದೂರ ಇಲ್ಲ. ಹಿಂದೂ ಸಂಹಿತೆಯ ಮಸೂದೆಯನ್ನು ನಿಜವಾಗಿಯೇ ಮುಳುಗಿಸಿದರು. ಸಾಧುಸಂತರು ಬೀದಿಗಿಳಿದರು, ರಾಷ್ಟ್ರಪತಿಗಳೇ ವಿರೋಧಿಸಿದರು, ಬಾಬಾಸಾಹೇಬರು 1951ರ ಸೆಪ್ಟೆಂಬರ್ 27ಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಆಮೇಲೆ 1955, 1956ರಲ್ಲಿ ತುಂಡು ತುಂಡಾಗಿ ಬಂತು. ಬರದೇ ಹೋಗಿದ್ದರೆ ಗಂಡ ಎಷ್ಟು ಬೇಕಾದರೂ ಕಟ್ಟಿಕೊಳ್ಳಬಹುದಿತ್ತು, ಮೇಲ್ಜಾತಿಯ ಅಮ್ಮಂದಿರೂ ಬಿಡಿಸಿಕೊಂಡು ಬರೋ ಹಾಗಿರಲಿಲ್ಲ. ಬಾಬಾಸಾಹೇಬರು ಅವರಿಗಾಗಿಯೂ ಕುರ್ಚಿ ಬಿಟ್ಟರು ಅನ್ನೋದನ್ನ ಅವರ ಮನೆಗಳಲ್ಲಿ ಎಷ್ಟು ಜನ ನೆನೆಯುತ್ತಾರೋ. ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೊಡೆದುಹಾಕಬೇಕಾಯಿತು. ತಮ್ಮ ಹೆಸರು ಹೇಳದೆ ‘ಇಂಥೋನ ಹೆಂಡತಿ, ಇಂಥೋನ ಅವ್ವ’ ಅಂತ ಬರೆಸಿದ್ದರು. ಸ್ವಂತ ಹೆಸರು ಹೇಳಿದರೆ ಮಾತ್ರ ವೋಟು ಅಂತ ಆಯೋಗ ಹಟ ಹಿಡಿಯಿತು. ನಾವು ಊಹಿಸುತ್ತಿರೋ ಆ ಇನ್ನೊಂದು ದೇಶದಲ್ಲಿ ಅವರ ಹೆಸರು ಕೇಳೋರೇ ಇರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಆ ಹುಡುಗ ಮತ್ತೆ ಎದ್ದ. ‘ಕಂಬಾಲಪಲ್ಲಿ?’ ಅಂದ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನನಗೆ ತಕ್ಷಣ ಬಾಯಿ ಬರಲಿಲ್ಲ. ‘ಹೌದಪ್ಪ, ನ್ಯಾಯ ಸಿಗಲಿಲ್ಲ. ಆದರೆ ಆ ನೇಪಾಳದ ಕಾಯಿದೆ ಇಲ್ಲಿದ್ದಿದ್ದರೆ ಸಾಕ್ಷಿಗಳನ್ನ ಹೆದರಿಸೋ ಅಗತ್ಯವೇ ಬೀಳ್ತಿರಲಿಲ್ಲ. ಮೊದಲು ಜಾತಿ ಕೇಳಿ, ಆಮೇಲೆ ದೂರು ಕೇಳೋರು’ ಅಂದೆ. ಅವನು ಒಪ್ಪಿದ ಹಾಗೆ ಕಾಣಲಿಲ್ಲ. ಸಭೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದ. ಬಸ್ಸು ಬಂದಾಗ, ‘ಆ ಕಾಯಿದೆ ಕನ್ನಡದಲ್ಲಿ ಎಲ್ಲಾದ್ರೂ ಸಿಗ್ತದಾ ಸಾರ್?’ ಅಂತ ಕೇಳಿದ.