ಕಿತ್ತೂರು ಸೀಮೆಯ ಬಂಡಾಯ ಮತ್ತು ಊರಿನ ದಫ್ತರ

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಿದ್ದ ಕಥೆ ನಮಗೆಲ್ಲ ಬಾಯಿಪಾಠ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಕೈತಪ್ಪಿದ್ದೂ, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡದ್ದೂ ಗೊತ್ತಿರುವ ಸಂಗತಿ. ಸಂಸ್ಥಾನ ಹೋದ ಮೇಲೆ ಅದನ್ನು ನೆಚ್ಚಿದ್ದ ಹಳ್ಳಿಗರ ಹೊಲಮನೆ ಏನಾಯಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಲ್ಲ.

ಉತ್ತರ ಹುಡುಕಲು ಶೇತಸನದಿಗಳಿಂದ ಶುರುಮಾಡಬೇಕು. ಶೇತಸನದಿ ಎಂದರೆ ಊರಲ್ಲಿ ಬೇಸಾಯ ಮಾಡಿಕೊಂಡು, ಕರೆ ಬಂದಾಗ ಕತ್ತಿ ಹಿಡಿದು ಹೊರಡುವ ಬಂಟ. ದೊರೆ ಸನದು ಬರೆದು ಕೊಟ್ಟ ಹೊಲವೇ ಅವನ ಸಂಬಳ. ದೊರೆಯೇ ಇಲ್ಲವಾದಾಗ ಚಾಕರಿ ತಪ್ಪಿತು. ಚಾಕರಿ ತಪ್ಪಿದ ಹೊಲ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದಲ್ಲಿ ಕಂದಾಯ ಕಟ್ಟಬೇಕಾದ ಜಮೀನಾಯಿತು. ಸಂಗೊಳ್ಳಿ ರಾಯಣ್ಣ ಇಂಥ ಶೇತಸನದಿ. ಅವನ ಜಮೀನಿನಲ್ಲಿ ಒಂದು ಪಾಲು ಜಪ್ತಿಯಾಯಿತು, ಉಳಿದದ್ದಕ್ಕೆ ಭಾರೀ ತೆರಿಗೆ ಬಿತ್ತು.

1830ರ ಜನವರಿಯಲ್ಲಿ ರಾಯಣ್ಣನ ಜನ ಬೀಡಿ ಊರಿನ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟರು. ಸಂಪಗಾವಿಯ ಕಚೇರಿಯ ಮೇಲೂ ಏರಿಹೋದರು. ಖಜಾನೆಯ ಜತೆಗೆ ದಫ್ತರಗಳೂ ಅವರ ಗುರಿಯಾಗಿದ್ದವು. ಚೆನ್ನಮ್ಮನ ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ತರುವುದು ಅವರ ಘೋಷಿತ ಉದ್ದೇಶ, ನಿಜ. ಆದರೆ ಯಾವ ಹೊಲ ಯಾರದು, ಬಾಕಿ ಎಷ್ಟು ಎಂದು ಬರೆದಿಟ್ಟ ಕಾಗದ ಸುಡುವವನಿಗೆ ಗದ್ದುಗೆಯಷ್ಟೇ ಹೊಲವೂ ಮುಖ್ಯವಾಗಿತ್ತೆಂದು ನನ್ನ ಖಚಿತ ಅಭಿಪ್ರಾಯ. ಸಮುದಾಯ ಬೇರೆಯಾದರೂ ಕುರುಬ ರಾಯಣ್ಣನ ಜತೆ ಸಿದ್ದಿ ಗಜವೀರ ಹೆಗಲುಕೊಟ್ಟು ನಿಂತದ್ದನ್ನೂ ಇಲ್ಲಿಟ್ಟು ನೋಡಬೇಕು.

ಎದುರು ಬದಿಯಲ್ಲೂ ಊರಿನವರೇ ಇದ್ದರು. 1830ರ ಏಪ್ರಿಲ್‌ನಲ್ಲಿ ರಾಯಣ್ಣನನ್ನು ಹಿಡಿದುಕೊಡಲು ನೆರವಾದವರು ಖೋದಾನಪುರದ ಲಿಂಗನಗೌಡ ಮತ್ತು ನೇಗಿನಹಾಳದ ವೆಂಕನಗೌಡ. ಅವರಿಗೆ ಸರ್ಕಾರದ ಇನಾಮು ಸಿಕ್ಕಿತು. ರಾಯಣ್ಣನಿಗೆ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು. ಒಂದೇ ಸೀಮೆಯಲ್ಲಿ ಗೌಡಿಕೆ ಗಟ್ಟಿಯಾಯಿತು, ಬಂಟಿಕೆ ಅಳಿಯಿತು. ಈ ಬಿರುಕನ್ನು ದ್ರೋಹವೆಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ಸರಿಯಲ್ಲ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಸಂಗ್ರಹಿಸಿ ಪ್ರಕಟಿಸಿದ. ಜನ ಯಾರ ಪರ ನಿಂತರು ಎಂಬುದಕ್ಕೆ ಇವು ಸಾಕ್ಷಿ.

ನೆರೆಯ ಸವದತ್ತಿಯ ಕಡೆ ಮಾತ್ರ ರಾಯಣ್ಣನ ದಂಗೆ ಅಷ್ಟಾಗಿ ಹಬ್ಬಲಿಲ್ಲ. ರಾಯಣ್ಣನಿಗೆ ಆಸರೆ ಕೊಟ್ಟದ್ದು ಖಾನಾಪುರದ ದಟ್ಟ ಕಾಡು, ಹಂಡಿಬಡಗನಾಥದ ಗುಡ್ಡ. ಸವದತ್ತಿಯ ಬಯಲಾಗಿ ಹರಡಿದ ಎರೆಭೂಮಿಯಲ್ಲಿ ಅಡಗುವುದೆಲ್ಲಿ?

ಅದೇ ಕಡೆಯ ರಾಮದುರ್ಗ ಸಂಸ್ಥಾನದ್ದು ಇನ್ನೊಂದು ದಾರಿ. 1858ರ ಮೇ 29ರ ರಾತ್ರಿ ನರಗುಂದದ ದೊರೆ ಭಾಸ್ಕರರಾವ್ ಭಾವೆ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ. ನರಗುಂದ ಅಳಿಯಿತು, ಅದೇ ಮನೆತನದ ರಾಮದುರ್ಗ ಬ್ರಿಟಿಷರ ಜತೆಗುಳಿದು 1948ರವರೆಗೆ ಸಂಸ್ಥಾನವಾಗಿಯೇ ಬಾಳಿತು. ಆದರೆ ಅಲ್ಲಿಯ ರೈತನಿಗೂ ಕಂದಾಯದ ಭಾರ ತಪ್ಪಲಿಲ್ಲ. ಸಂಸ್ಥಾನದ ಪ್ರಜಾಸಂಘ ಅದನ್ನು ಇಳಿಸಬೇಕೆಂದು ಪಟ್ಟು ಹಿಡಿಯಿತು. ಆ ಚಳವಳಿಯೇ 1939ರ ಏಪ್ರಿಲ್‌ನಲ್ಲಿ ರಾಮದುರ್ಗದ ಜೈಲಿನ ಬಾಗಿಲಲ್ಲಿ ರಕ್ತಪಾತಕ್ಕೆ ಮುಟ್ಟಿತು.