ಸಣ್ಣ ನೆಗೆಟಿವಿನ ದೊಡ್ಡ ಚಿಂತೆ

ನಿಮ್ಮ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಹಳೆಯ ಕಪ್ಪು-ಬಿಳುಪು ಚಿತ್ರವೇನಾದರೂ ಇದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿರಿ. ಕೆನ್ನೆಯಲ್ಲಿ, ಹಿಂದಿನ ಆಕಾಶದಲ್ಲಿ, ನಯವಾದ ಮರಳನ್ನು ಎರಚಿದಂತೆ ಕಾಣುತ್ತದೆಯೆ? ಕಂಡರೆ ಅದು ಚಿಕ್ಕ ಫಿಲ್ಮಿನಿಂದ ಹಿಗ್ಗಿಸಿದ ಚಿತ್ರವಿರಬೇಕು. ಆ ಮರಳಿಗೆ ಛಾಯಾಗ್ರಾಹಕರು ‘ಗ್ರೇನ್’ ಎನ್ನುವರು, ನಾವು ಕಣವೆನ್ನೋಣ. ಈ ಕಣವನ್ನು ಅಡಗಿಸಬೇಕೆಂದು ಹವ್ಯಾಸಿಗಳು ತಮ್ಮ ತಮ್ಮ ಬಚ್ಚಲುಮನೆಗಳಲ್ಲಿ ಸುಮಾರು ಇಪ್ಪತ್ತೈದು ವರ್ಷ ಪಟ್ಟ ಪಾಡು ಒಂದು ಸ್ವಾರಸ್ಯವಾದ ಇತಿಹಾಸ. ಅದರಲ್ಲಿ ಜಾಣತನವೂ ಉಂಟು, ಕೈಗಳನ್ನು ಕೆಡಿಸಿಕೊಂಡದ್ದೂ ಉಂಟು.

ಫಿಲ್ಮಿನ ಮೇಲಿರುವುದು ಜೆಲಟಿನ್ನಿನ ಲೇಪ. ಅದರಲ್ಲಿ ಬೆಳ್ಳಿಯ ಲವಣದ ಹರಳುಗಳು ಕೋಟಿಗಟ್ಟಲೆ ಹುದುಗಿರುತ್ತವೆ. ಬೆಳಕು ಸೋಕಿದ ಹರಳು ಡೆವಲಪರ್ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ಸೋಕದೆ ಉಳಿದದ್ದು ಆಮೇಲೆ ಹೈಪೋ ನೀರಿನಲ್ಲಿ ಕರಗಿಹೋಗುತ್ತದೆ. ದೊಡ್ಡ ಹರಳು ಬೆಳಕನ್ನು ಬೇಗ ಹಿಡಿಯುತ್ತದೆ, ಆದ್ದರಿಂದ ವೇಗದ ಫಿಲ್ಮಿನ ಕಣ ಒರಟು. ಸಣ್ಣ ಹರಳಿನ ಫಿಲ್ಮು ನಿಧಾನ, ಆದರೆ ನಯ. ಗಾಜಿನ ಫಲಕಗಳ ಕಾಲದಲ್ಲಿ ಇದು ಯಾರನ್ನೂ ಅಷ್ಟಾಗಿ ಬಾಧಿಸಲಿಲ್ಲ. ಫಲಕ ಎಷ್ಟು ದೊಡ್ಡದೋ ಚಿತ್ರವೂ ಸಾಮಾನ್ಯವಾಗಿ ಅಷ್ಟೇ ದೊಡ್ಡದು.

ತೊಂದರೆ ಹುಟ್ಟಿದ್ದು ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ. ಅಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲನಿದ್ದ. ಉಬ್ಬಸದ ಮನುಷ್ಯ, ಭಾರವಾದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವನಿಂದ ಆಗುವ ಕೆಲಸವಲ್ಲ. ಸಿನಿಮಾದವರು ಬಳಸುತ್ತಿದ್ದ ೩೫ ಮಿಲಿಮೀಟರ್ ಅಗಲದ ಫಿಲ್ಮನ್ನೇ ತೊಡಿಸಿ, ಅಂಗಿಯ ಜೇಬಿಗೆ ಹಿಡಿಸುವಂಥ ಕ್ಯಾಮೆರಾವೊಂದನ್ನು ಅವನು ೧೯೧೪ರ ಹೊತ್ತಿಗೆ ಮಾಡಿಟ್ಟುಕೊಂಡಿದ್ದ. ನಡುವೆ ಮಹಾಯುದ್ಧ ಬಂತು, ಹಣದ ಬೆಲೆ ಕುಸಿಯಿತು. ಕಡೆಗೆ ೧೯೨೪ರಲ್ಲಿ ಯಜಮಾನನಾದ ಎರಡನೆಯ ಅರ್ನ್ಸ್ಟ್ ಲೈಟ್ಸ್ ಧೈರ್ಯ ಮಾಡಿದ. ಮರುವರ್ಷ ಲೈಪ್ಸಿಗ್ ನಗರದ ವಸಂತದ ಮೇಳದಲ್ಲಿ ‘ಲೈಕಾ’ ಜನರ ಕಣ್ಣಿಗೆ ಬಿತ್ತು.

ಅದರ ನೆಗೆಟಿವ್ ೨೪ಕ್ಕೆ ೩೬ ಮಿಲಿಮೀಟರ್, ಎಂದರೆ ದೊಡ್ಡ ಅಂಚೆಚೀಟಿಯಷ್ಟು. ೯ಕ್ಕೆ ೧೨ ಸೆಂಟಿಮೀಟರಿನ ಫಲಕದ ವಿಸ್ತೀರ್ಣ ಇದರ ಹನ್ನೆರಡು ಪಟ್ಟಿಗಿಂತ ತುಸು ಹೆಚ್ಚು. ಗೋಡೆಗೆ ತಕ್ಕ ಚಿತ್ರ ಬೇಕಾದರೆ ಉದ್ದಗಲಗಳನ್ನು ಹತ್ತು ಪಟ್ಟು ಹಿಗ್ಗಿಸಬೇಕು. ಚಿತ್ರದ ಜೊತೆಗೆ ಕಣವೂ ಹಿಗ್ಗಿತು!

ಅಷ್ಟರಲ್ಲಿ ಫಿಲ್ಮು ಡೆವಲಪ್ ಮಾಡುವ ಕೆಲಸವೇ ಎಷ್ಟೋ ಮನೆಗಳನ್ನು ಬಿಟ್ಟುಹೋಗಿತ್ತು. ೧೮೮೮ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ತನ್ನ ಕೊಡಕ್ ಕ್ಯಾಮೆರಾವನ್ನು ಮಾರತೊಡಗಿದಾಗ, ನೂರು ಚಿತ್ರ ತೆಗೆದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ಸಾಕೆಂದು ಏರ್ಪಾಡು ಮಾಡಿದ್ದ. ಮುಂದೆ ಅಂಗಡಿಗಳು ಆ ಕೆಲಸ ವಹಿಸಿಕೊಂಡವು. ಆದರೆ ಊರಿನ ಫಿಲ್ಮೆಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಅದ್ದುವ ಅಂಗಡಿ ಈ ಅಂಚೆಚೀಟಿ ನೆಗೆಟಿವಿಗೆ ಒಗ್ಗಲಿಲ್ಲ. ಮುಚ್ಚಳದ ಸಣ್ಣ ಟ್ಯಾಂಕು, ಉಷ್ಣಮಾಪಕ, ಒಂದು ಗಡಿಯಾರ ಇಟ್ಟುಕೊಂಡು ಲೈಕಾದ ಯಜಮಾನರು ತಾವೇ ಕೈ ಹಾಕಿದರು.

ಅವರಿಗೆ ಮೊದಲು ಸಿಕ್ಕ ಆಸರೆ ಕೊಡಕ್ ಸಂಶೋಧಕ ಕ್ಯಾಪ್‌ಸ್ಟಾಫ್ ೧೯೨೦ರ ದಶಕದ ಉತ್ತರಾರ್ಧದಲ್ಲಿ ಸಿನಿಮಾ ಫಿಲ್ಮಿಗೆಂದು ಸಿದ್ಧಪಡಿಸಿದ ‘ಡಿ-೭೬’. ಒಂದು ಲೀಟರಿಗೆ ಮೆಟಾಲ್ ೨ ಗ್ರಾಂ, ಹೈಡ್ರೋಕ್ವಿನೋನ್ ೫, ಬೊರಾಕ್ಸ್ ೨, ಸೋಡಿಯಂ ಸಲ್ಫೈಟ್ ಮಾತ್ರ ೧೦೦ ಗ್ರಾಂ. ಅಷ್ಟೊಂದು ಸಲ್ಫೈಟ್ ಹರಳಿನ ಅಂಚನ್ನು ಮೆಲ್ಲಗೆ ಕರಗಿಸಿ ಕಣವನ್ನು ಮೃದುವಾಗಿಸುತ್ತದೆ. ಒಳ್ಳೆಯ ಸೂತ್ರ, ಇಂದಿಗೂ ಬಳಕೆಯಲ್ಲಿದೆ.

ಆದರೆ ಆಸೆಗೆ ಕೊನೆಯುಂಟೆ? ಪ್ಯಾರಾಫಿನೈಲೀನ್‌ಡೈಯಮೀನ್ ಎಂಬ ವಸ್ತುವಿನಿಂದ ಕಣ ಬಹಳ ಸಣ್ಣದಾಗುವುದೆಂದು ಫ್ರಾನ್ಸಿನ ಲೂಮಿಯೇರ್ ಸಹೋದರರೂ ಸೆಯವೆಟ್ಸ್ ಎಂಬ ವಿಜ್ಞಾನಿಯೂ ೧೯೦೪ರಲ್ಲೇ ತಿಳಿಸಿದ್ದರು. ೧೯೩೦ರ ದಶಕದಲ್ಲಿ ಹವ್ಯಾಸಿಗಳು ಇದರ ಬೆನ್ನು ಹತ್ತಿದರು. ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದಲ್ಲಿರುವುದೂ ಇದೇ. ಬೆರಳು, ಉಗುರು, ಬಟ್ಟೆ ಎಲ್ಲ ಕಪ್ಪು. ಕೆಲವರಿಗೆ ಚರ್ಮವೆಲ್ಲ ತುರಿಸಿ ಬೊಬ್ಬೆಯೇಳುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಈ ದ್ರಾವಣಕ್ಕೆ ಹಾಕಬೇಕಾದರೆ ಫಿಲ್ಮಿಗೆ ಎರಡು ಮೂರು ಪಟ್ಟು ಹೆಚ್ಚು ಬೆಳಕು ಕೊಟ್ಟಿರಬೇಕು. ಹೀಗೆ ಹೆಚ್ಚು ಬೆಲೆಯ ವೇಗದ ಫಿಲ್ಮನ್ನು ಕೊಂಡು, ಅದರ ವೇಗವನ್ನು ಬಚ್ಚಲಿಗೆ ಚೆಲ್ಲಿದಂತಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಷ್ಟು ಬೆಳಕು ಕೊಡುವುದಾದರೆ ಮೊದಲೇ ನಿಧಾನದ ಫಿಲ್ಮನ್ನು ತೊಡಿಸಬಾರದಿತ್ತೆ?

ಈ ಪ್ರಶ್ನೆಗೆ ಉತ್ತರ ಎರಡನೆಯ ಮಹಾಯುದ್ಧದ ತರುವಾಯ ಬಂತು. ಇಂಗ್ಲೆಂಡಿನ ಇಲ್‌ಫರ್ಡ್ ಕಂಪನಿಯ ಪ್ಯಾನ್-ಎಫ್ ೧೯೪೮ರಲ್ಲಿ ಹೊರಟಿತು. ೧೯೫೦ರ ದಶಕದ ಮೊದಲಲ್ಲಿ ಫ್ರಾಂಕ್‌ಫರ್ಟಿನ ಶ್ಲಾಯ್ಸ್‌ನರ್ ಕಾರ್ಖಾನೆಯ ಆಡಾಕ್ಸ್ ಕೆಬಿ-೧೪, ಕೆಬಿ-೧೭ ಫಿಲ್ಮುಗಳು ಹೆಸರಾದವು. ಇವುಗಳ ಲೇಪ ತೀರ ತೆಳು. ದಪ್ಪ ಲೇಪದಲ್ಲಿ ಬೆಳಕು ಅಕ್ಕಪಕ್ಕಕ್ಕೆ ಚೆದುರಿ ಗೆರೆಗಳು ಮಸಕಾಗುತ್ತಿದ್ದವು. ಇಲ್ಲಿ ಚೆದುರುವುದಕ್ಕೆ ಜಾಗವೇ ಕಡಮೆ.

ಇಂಥ ಫಿಲ್ಮಿಗೆ ಜರ್ಮನಿಯ ವಿಲ್ಲಿ ಬಾಯ್ಟ್ಲರ್ ಹೇಳಿದ ದ್ರಾವಣವನ್ನು ನೋಡಿರಿ. ಬಳಸುವಾಗ ಒಂದು ಲೀಟರಿನಲ್ಲಿರುವುದು ಮೆಟಾಲ್ ೧ ಗ್ರಾಂ, ಸಲ್ಫೈಟ್ ೫, ಸೋಡಿಯಂ ಕಾರ್ಬೊನೇಟ್ ೫, ಅಷ್ಟೆ. ನೂರು ಗ್ರಾಂ ಸಲ್ಫೈಟ್ ಇದ್ದಲ್ಲಿ ಐದು! ಕಣ ಹುಟ್ಟುವಾಗಲೇ ಸಣ್ಣದಾಗಿರುವಲ್ಲಿ ಅದನ್ನು ಕರಗಿಸುವುದು ನುಣ್ಣನೆಯ ಹಿಟ್ಟನ್ನು ಮತ್ತೆ ಬೀಸಿದಂತೆ. ಗೆರೆಗಳ ಹರಿತ ಹೋಗುವುದೇ ಲಾಭ. ಈ ತೆಳುದ್ರಾವಣ ಕಪ್ಪಿನ ಭಾಗದಲ್ಲಿ ಬೇಗ ದಣಿಯುತ್ತದೆ, ಪಕ್ಕದ ಬಿಳಿಯ ಭಾಗದಲ್ಲಿ ತಾಜಾ ಉಳಿದಿರುತ್ತದೆ. ಹಾಗಾಗಿ ಇವೆರಡೂ ಕೂಡುವ ಅಂಚು ಎದ್ದುಕಾಣುತ್ತದೆ. ಒಮ್ಮೆ ಬಳಸಿ ಚೆಲ್ಲಬೇಕು, ಖರ್ಚೂ ಅಲ್ಪ.

ವಿಷ ಬಿಟ್ಟುಹೋಯಿತು, ಅದರ ಜಾಗಕ್ಕೆ ಶಿಸ್ತು ಬಂತು. ನಿಧಾನದ ಫಿಲ್ಮು ಮುಂಗೋಪಿ: ಒಂದೆರಡು ನಿಮಿಷ ಹೆಚ್ಚಾದರೆ ಬಿಳಿ ಸುಟ್ಟು ಸುಣ್ಣವಾಗುತ್ತದೆ, ನೆರಳು ಮಸಿಯಾಗುತ್ತದೆ. ಸೂತ್ರಗಳೆಲ್ಲ ೨೦ ಡಿಗ್ರಿ ಸೆಂಟಿಗ್ರೇಡಿಗೆ ಬರೆದವು. ಮಂಗಳೂರಿನಲ್ಲೋ ರಾಯಚೂರಿನಲ್ಲೋ ಏಪ್ರಿಲ್ ತಿಂಗಳ ನಲ್ಲಿನೀರನ್ನು ನಂಬಿ ಕುಳಿತರೆ ಜೆಲಟಿನ್ ಮೆತ್ತಗಾಗಿ ಊದಿಕೊಳ್ಳುತ್ತದೆ. ಡೆವಲಪರನ್ನು ಮಾತ್ರ ಮಂಜುಗಡ್ಡೆಯಲ್ಲಿ ತಣಿಸಿ, ತೊಳೆಯಲು ಬಿಸಿನೀರು ಹಿಡಿದರೆ ಇನ್ನೂ ಕೇಡು. ಒಣಗಿದ ಕೆರೆಯಂಗಳದಂತೆ ಲೇಪ ಸುಕ್ಕುಗಟ್ಟೀತು. ಎಲ್ಲ ನೀರೂ ಒಂದೇ ಹದದಲ್ಲಿರಬೇಕು.

ಶ್ಲಾಯ್ಸ್‌ನರ್ ಕಾರ್ಖಾನೆಯ ಫಿಲ್ಮಿನ ವಿದ್ಯೆ ಮುಂದೆ ಯುಗೋಸ್ಲಾವಿಯದ ಫೋಟೋಕೆಮಿಕಾ ಎಂಬ ಕಂಪನಿಗೆ ಹೋಯಿತು. ಅಲ್ಲಿ ‘ಎಫ್ಕೆ’ ಎಂಬ ಹೆಸರಿನಿಂದ ೨೦೧೨ರವರೆಗೆ ನಡೆಯಿತು. ಪ್ಯಾನ್-ಎಫ್ ತನ್ನ ಹೆಸರಿಗೆ ‘ಪ್ಲಸ್’ ಸೇರಿಸಿಕೊಂಡು ಈಗಲೂ ಸಿಗುತ್ತದೆ. ನೀವು ಕೊಂಡರೆ ಒಂದು ಮಾತು ನೆನಪಿರಲಿ. ಬೆಳಕು ಕಂಡ ಪ್ಯಾನ್-ಎಫ್ ಹೆಚ್ಚು ಕಾಲ ಕಾಯುವುದಿಲ್ಲ. ಅದರಲ್ಲಿ ಅಡಗಿರುವ ಬಿಂಬ ದಿನೇ ದಿನೇ ಕ್ಷೀಣಿಸುತ್ತದೆ. ಮದುವೆಯ ಮನೆಯಲ್ಲಿ ತೆಗೆದದ್ದನ್ನು ಸೀಮಂತದವರೆಗೆ ಕ್ಯಾಮೆರಾದಲ್ಲೇ ಇಡಬೇಡಿರಿ. ಮೂರು ತಿಂಗಳೊಳಗೆ ಟ್ಯಾಂಕಿಗೆ ಹಾಕಿಬಿಡಿರಿ.