ಸಮುದ್ರ ಮಂಜುಗಡ್ಡೆ, ಧ್ರುವಪ್ರದೇಶಗಳ

ಧ್ರುವಪ್ರದೇಶಗಳಲ್ಲಿ ಸಮುದ್ರದ ನೀರೇ ಹೆಪ್ಪುಗಟ್ಟಿ ಆಗುವ ತೇಲುವ ಹೊದಿಕೆ. ಉಪ್ಪಿರುವುದರಿಂದ ಈ ನೀರು ಗಟ್ಟಿಯಾಗಲು ಉಷ್ಣತೆ ಸುಮಾರು -1.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ನೆಲದ ಮೇಲೆ ಕೂತಿರುವ ಗ್ರೀನ್‌ಲೆಂಡಿನ ಹಿಮರಾಶಿಗೂ ಇದಕ್ಕೂ ಸಂಬಂಧ ಕಲ್ಪಿಸಿ ಗೊಂದಲಕ್ಕೀಡಾಗುವವರು ಬಹಳ; ತೇಲುವ ಗಡ್ಡೆ ಕರಗಿದರೆ ಸಮುದ್ರಮಟ್ಟ ಏರುವುದು ತೀರ ಅತ್ಯಲ್ಪ.

1978ರ ಅಕ್ಟೋಬರಿನಲ್ಲಿ ಹಾರಿದ ನಿಂಬಸ್-7 ಉಪಗ್ರಹದಿಂದ ಸಮುದ್ರ ಮಂಜುಗಡ್ಡೆಯ ಕ್ರಮಬದ್ಧ ಅಳತೆ ಆರಂಭವಾಯಿತು. ಉತ್ತರದ ಆರ್ಕ್ಟಿಕ್‌ನಲ್ಲಿ ಮಂಜುಗಡ್ಡೆ ಅತಿ ಕಡಿಮೆಯಿರುವುದು ಸೆಪ್ಟೆಂಬರಿನಲ್ಲಿ. 1980ರ ದಶಕದಲ್ಲಿ ಆ ಕನಿಷ್ಠ ವಿಸ್ತಾರ 70 ಲಕ್ಷ ಚದರ ಕಿ.ಮೀ. ಆಸುಪಾಸಿನಲ್ಲಿತ್ತು, 2012ರಲ್ಲಿ ಸುಮಾರು 34 ಲಕ್ಷಕ್ಕೆ ಕುಸಿಯಿತು. 2007ರಿಂದೀಚೆಗೆ ಯಾವ ವರ್ಷವೂ ಹಳೆಯ ಮಟ್ಟಕ್ಕೆ ಮರಳಿಲ್ಲ.

ಕರಗುವಿಕೆಗೆ ಬಿಸಿಯಾದ ಗಾಳಿಯೊಂದೇ ಕಾರಣವೆಂದರೆ ಅರ್ಧ ಸತ್ಯ. ಜಗತ್ತಿನ ಹೆಚ್ಚುವರಿ ಶಾಖದಲ್ಲಿ ಶೇಕಡ 90ರಷ್ಟನ್ನು ಸಾಗರಗಳೇ ಹೀರಿಕೊಂಡಿವೆ, ಅದರ ಒಂದು ಪಾಲು ಪ್ರವಾಹಗಳ ಮೂಲಕ ಧ್ರುವವನ್ನೂ ಮುಟ್ಟುತ್ತದೆ. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1893-96ರಲ್ಲಿ ‘ಫ್ರಾಮ್’ ಹಡಗನ್ನು ಮಂಜುಗಡ್ಡೆಯ ನಡುವೆ ಸಿಕ್ಕಿಸಿಕೊಂಡು ತೇಲುತ್ತ ಹೋದಾಗ, ಕೆಲವು ನೂರು ಮೀಟರ್ ಆಳದಲ್ಲಿ ಸೊನ್ನೆ ಡಿಗ್ರಿಗಿಂತ ಬೆಚ್ಚಗಿನ ನೀರಿನ ಪದರವನ್ನು ಕಂಡ. ಅದು ಅಟ್ಲಾಂಟಿಕ್‌ನಿಂದ ಹರಿದು ಬಂದ ನೀರು. ಬೆಚ್ಚಗಿನ ನೀರು ಮೇಲೇಳಬೇಕಲ್ಲವೇ? ಇಷ್ಟು ತಂಪಿನಲ್ಲಿ ನೀರಿನ ಸಾಂದ್ರತೆಯನ್ನು ನಿರ್ಧರಿಸುವುದು ಶಾಖವಲ್ಲ, ಉಪ್ಪು. ಉಪ್ಪು ಹೆಚ್ಚಿರುವ ಬೆಚ್ಚನೆಯ ನೀರು ಅಡಿಯಲ್ಲಿ, ಉಪ್ಪು ಕಡಿಮೆಯಿರುವ ತಣ್ಣೀರು ಮೇಲೆ. ಈ ಮೇಲ್ಪದರವೇ ಗಡ್ಡೆಯನ್ನು ಕೆಳಗಿನ ಶಾಖದಿಂದ ಕಾಪಾಡುತ್ತ ಬಂದಿದೆ.

ಬ್ಯಾರೆಂಟ್ಸ್ ಸಮುದ್ರದಲ್ಲಿ ಈ ರಕ್ಷಣೆ ಸಡಿಲಗೊಂಡಿದೆ. ಪದರಗಳು ಬೆರೆತು ಶಾಖ ಮೇಲಕ್ಕೆ ಬರುವುದರಿಂದ ಅಲ್ಲಿ ಚಳಿಗಾಲದಲ್ಲೂ ಗಡ್ಡೆ ಕಟ್ಟುವುದು ಕಡಿಮೆಯಾಗಿದೆ. ವಿಜ್ಞಾನಿಗಳು ಇದನ್ನು ಅಟ್ಲಾಂಟಿಕೀಕರಣ ಎನ್ನುತ್ತಾರೆ. ಸ್ವಾಲ್ಬಾರ್ಡ್ ದ್ವೀಪಸಮೂಹದ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ಭಾರತ 2014ರಲ್ಲಿ ನೀರಿನಾಳಕ್ಕೆ ಇಳಿಸಿದ ‘ಇಂಡ್‌ಆರ್ಕ್’ ವೀಕ್ಷಣಾಲಯ ಇಂಥ ಬದಲಾವಣೆಯನ್ನು ಗುರುತಿಸಲು ಬೇಕಾದ ನೀರಿನ ಉಷ್ಣತೆ, ಲವಣತೆಗಳನ್ನು ಅಳೆಯುತ್ತದೆ. ಬಿಳಿಯ ಹೊದಿಕೆ ಸರಿದಲ್ಲಿ ಕಪ್ಪು ನೀರು ಬಿಸಿಲಿನ ಬಹುಪಾಲನ್ನು ಹೀರಿ ಮತ್ತಷ್ಟು ಕಾಯುತ್ತದೆ, ಶರತ್ಕಾಲದಲ್ಲಿ ತಡವಾಗಿ ಹೆಪ್ಪುಗಟ್ಟುತ್ತದೆ.

ದಕ್ಷಿಣದ ಕಥೆ ಬೇರೆ. ಅಂಟಾರ್ಕ್ಟಿಕದ ಸುತ್ತ 2014ರಲ್ಲಿ ಗರಿಷ್ಠ ವಿಸ್ತಾರ 2 ಕೋಟಿ ಚದರ ಕಿ.ಮೀ. ದಾಟಿ ದಾಖಲೆಯಾಗಿತ್ತು, ತಾಪಮಾನ ಏರಿಕೆಯನ್ನು ಅಲ್ಲಗಳೆಯುವವರಿಗೆ ಅದು ಒಳ್ಳೆಯ ಅಸ್ತ್ರವೂ ಆಯಿತು. 2016ರಲ್ಲಿ ದಿಢೀರನೆ ಇಳಿಕೆ ಶುರುವಾಗಿ, 2023ರ ಫೆಬ್ರವರಿಯಲ್ಲಿ ಕನಿಷ್ಠ ವಿಸ್ತಾರ ಸುಮಾರು 18 ಲಕ್ಷಕ್ಕೆ ಬಂತು. ಮೇಲ್ಮೈ ಕೆಳಗಿನ ನೀರು ಬಿಸಿಯಾದದ್ದೂ ಇದಕ್ಕೆ ಕಾರಣವೆಂದು ಕೆಲವು ಸಂಶೋಧಕರು ವಾದಿಸಿದ್ದಾರೆ. 2022ರಿಂದ 2025ರವರೆಗೆ ಸತತ ನಾಲ್ಕು ಬೇಸಿಗೆಗಳಲ್ಲಿ ಅಲ್ಲಿನ ಕನಿಷ್ಠ ವಿಸ್ತಾರ 20 ಲಕ್ಷ ಚದರ ಕಿ.ಮೀ.ಗಿಂತ ಕೆಳಗೇ ಇತ್ತು.